ಆಹಾರ ದಾಖಲೆ ಆ್ಯಪ್‌ಗಳ ನಿಖರತೆ ಮತ್ತು ಕಲಬುರಗಿ ಸೀಮೆಯ ಊಟ

ಆಹಾರ ದಾಖಲೆ ಆ್ಯಪ್ ಎಂಬುದು ವ್ಯಕ್ತಿಯೊಬ್ಬನು ದಿನವಿಡೀ ಸೇವಿಸಿದ ಆಹಾರದ ಹೆಸರು ಮತ್ತು ಪ್ರಮಾಣವನ್ನು ಪಡೆದು, ಅದರಲ್ಲಿರುವ ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಕೊಬ್ಬು ಮುಂತಾದವುಗಳ ಮೊತ್ತವನ್ನು ತೋರಿಸುವ ಮೊಬೈಲ್ ತಂತ್ರಾಂಶವಾಗಿದೆ. 2005ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೈಫಿಟ್‌ನೆಸ್‌ಪಾಲ್ ಮತ್ತು 2012ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹೆಲ್ತಿಫೈಮಿ ಈ ವರ್ಗಕ್ಕೆ ಸೇರುತ್ತವೆ. ಇಂತಹ ಆ್ಯಪ್ ಆಹಾರವನ್ನು ಅಳೆಯುವುದಿಲ್ಲ. ಬಳಕೆದಾರನು ಕೊಟ್ಟ ತೂಕವನ್ನು ಪಟ್ಟಿಯಲ್ಲಿರುವ ಅಂಕಿಯಿಂದ ಗುಣಿಸುತ್ತದೆ, ಅಷ್ಟೇ. ಆದುದರಿಂದ ಫಲಿತಾಂಶದ ನಿಖರತೆಯು ಯಾವ ಹೆಸರನ್ನು ಆರಿಸಲಾಯಿತು, ತೂಕವನ್ನು ಅಡುಗೆಯ ಯಾವ ಹಂತದಲ್ಲಿ ನೋಡಲಾಯಿತು ಎಂಬುದನ್ನು ಅವಲಂಬಿಸಿದೆ. ಜೋಳ, ತೊಗರಿ, ಶೇಂಗಾಗಳೇ ಊಟದ ಆಧಾರವಾಗಿರುವ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ಈ ಎರಡೂ ಕಡೆ ತಪ್ಪಾಗುವ ಸಂಭವ ಹೆಚ್ಚು.

ಅಂಕಿಗಳ ಮೂಲ

ಭಾರತೀಯ ಆಹಾರಗಳ ಕುರಿತಾದ ಅಧಿಕೃತ ಪಟ್ಟಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಪ್ರಕಟಿಸಿದೆ. ಸಿ. ಗೋಪಾಲನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಹಳೆಯ ಪಟ್ಟಿ ದಶಕಗಳ ಕಾಲ ಬಳಕೆಯಲ್ಲಿತ್ತು. 2017ರಲ್ಲಿ 528 ಆಹಾರ ಪದಾರ್ಥಗಳನ್ನು ಒಳಗೊಂಡ ಹೊಸ ಪಟ್ಟಿ ಹೊರಬಂದಿತು. 100 ಗ್ರಾಂ ಜೋಳದಲ್ಲಿ 349 ಕಿಲೊಕ್ಯಾಲರಿ ಶಕ್ತಿ ಇದೆಯೆಂದು ಹಳೆಯ ಪಟ್ಟಿ ತಿಳಿಸಿದರೆ, ಹೊಸ ಪಟ್ಟಿಯ ಅಂಕಿ ಸುಮಾರು 334. ಕಾಳಿನ ಮಾದರಿಗಳೂ ನಾರಿನ ಅಂಶವನ್ನು ಲೆಕ್ಕ ಹಾಕುವ ಕ್ರಮವೂ ಬೇರೆಯಾಗಿರುವುದು ಇದಕ್ಕೆ ಕಾರಣ. ಹೊಸ ಪಟ್ಟಿಯು ಶಕ್ತಿಯನ್ನು ಕಿಲೊಜೌಲ್‌ಗಳಲ್ಲಿ ಕೊಡುತ್ತದೆ, 4.184 ಕಿಲೊಜೌಲ್ ಒಂದು ಕಿಲೊಕ್ಯಾಲರಿಗೆ ಸಮ. ಎರಡು ಆ್ಯಪ್‌ಗಳು ಒಂದೇ ರೊಟ್ಟಿಗೆ ತುಸು ಭಿನ್ನವಾದ ಉತ್ತರ ನೀಡಿದರೆ ಎರಡೂ ಸರಿಯೇ ಇರಬಹುದು. ಈ ಪ್ರಮಾಣದ ವ್ಯತ್ಯಾಸಕ್ಕೆ ಚಿಂತಿಸಬೇಕಾಗಿಲ್ಲ.

ಬಳಕೆದಾರರು ತಾವೇ ಸೇರಿಸಿದ ನಮೂದುಗಳ ಸಂಗತಿ ಬೇರೆ. ಅವುಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂಗಳ ಅಂಕಣವನ್ನು ಅನೇಕ ವೇಳೆ ಖಾಲಿ ಬಿಟ್ಟಿರುತ್ತಾರೆ. ಒಟ್ಟು ಮೊತ್ತದಲ್ಲಿ ಖಾಲಿ ಜಾಗ ಸೊನ್ನೆಯಾಗುತ್ತದೆ. ರಕ್ತಹೀನತೆಯುಳ್ಳ ಮಹಿಳೆಯೊಬ್ಬಳು ಪುಂಡಿಪಲ್ಯ ಮತ್ತು ರೊಟ್ಟಿ ಉಂಡ ದಿನವೂ ಪರದೆಯ ಮೇಲೆ ಕಬ್ಬಿಣದ ಕೊರತೆ ಕಾಣಿಸಿದರೆ, ಆ ಕೊರತೆ ಊಟದ್ದೋ ನಮೂದಿನದ್ದೋ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಹೆಸರುಗಳ ಗೊಂದಲ

ಸೇಡಂ ಮತ್ತು ಚಿಂಚೋಳಿ ತಾಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ವಾಡಿ ದೊಡ್ಡ ರೈಲ್ವೆ ಜಂಕ್ಷನ್. ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ನುಡಿಗಳು ಕೂಡಿರುವ ಈ ಪ್ರದೇಶದಲ್ಲಿ ಒಂದೇ ಪದಾರ್ಥಕ್ಕೆ ಹಲವು ಹೆಸರುಗಳಿವೆ. ತೊಗರಿಯು ತೆಲುಗಿನಲ್ಲಿ ಕಂದಿ, ಮರಾಠಿಯಲ್ಲಿ ತೂರ್; ಪುಂಡಿಯು ತೆಲುಗಿನಲ್ಲಿ ಗೋಂಗೂರ, ಮರಾಠಿಯಲ್ಲಿ ಅಂಬಾಡಿ. ಒಂದು ಹೆಸರಿನಲ್ಲಿ ಸಿಗದ ಪದಾರ್ಥ ಇನ್ನೊಂದರಲ್ಲಿ ಸಿಗುವುದುಂಟು.

ಸಿಗದಿರುವುದಕ್ಕಿಂತ ತಪ್ಪಾಗಿ ಸಿಗುವುದೇ ಹೆಚ್ಚು ಹಾನಿಕರ. ದಕ್ಷಿಣ ಕರ್ನಾಟಕದ ಮಾತಿನಲ್ಲಿ ‘ಜೋಳ’ವೆಂದರೆ ಎಷ್ಟೋ ಸಲ ಮುಸುಕಿನ ಜೋಳ. ಆ ಪದಕ್ಕೆ ಆ್ಯಪ್ ಹಸಿ ಸಿಹಿಜೋಳವನ್ನು ತೋರಿಸಿದರೆ 100 ಗ್ರಾಂಗೆ ಸುಮಾರು 90 ಕಿಲೊಕ್ಯಾಲರಿಯಷ್ಟೇ ದಾಖಲಾಗುತ್ತದೆ. ಜೋಳದ ಹಿಟ್ಟಿನಲ್ಲಿ ಇರುವುದು ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು. ಬೆಂಗಳೂರಿನವರು ಕಡಲೆಕಾಯಿ ಎನ್ನುವುದನ್ನು ಇಲ್ಲಿ ಶೇಂಗಾ ಎನ್ನುತ್ತಾರೆ, ಬರಿಯ ‘ಕಡಲೆ’ ಬೇರೆಯೇ ಕಾಳು. ಶೇಂಗಾ ಹಿಂಡಿಯು ಈ ಸೀಮೆಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಪುಡಿ. ಬೇರೆಡೆ ಹಿಂಡಿ ಎಂದರೆ ಎಣ್ಣೆ ತೆಗೆದ ನಂತರ ಉಳಿಯುವ ದನದ ಮೇವು.

ತೂಕ ನೋಡುವ ಹಂತ

ಪಟ್ಟಿಯ ಬಹುತೇಕ ಅಂಕಿಗಳು ಬೇಯಿಸದ ಪದಾರ್ಥಕ್ಕೆ ಸಂಬಂಧಿಸಿದವು. 40 ಗ್ರಾಂ ಹಿಟ್ಟಿನಿಂದ ಬಡಿದ ರೊಟ್ಟಿಯಲ್ಲಿ ಸುಮಾರು 134 ಕಿಲೊಕ್ಯಾಲರಿ, 60 ಗ್ರಾಂನದರಲ್ಲಿ ಸುಮಾರು 200 ಕಿಲೊಕ್ಯಾಲರಿ ಶಕ್ತಿ ಇರುತ್ತದೆ. ‘ಒಂದು ರೊಟ್ಟಿ’ ಎಂದಷ್ಟೇ ಬರೆದರೆ ಈ ಅಂತರ ಮರೆಯಾಗುತ್ತದೆ, ಮತ್ತು ದಿನಕ್ಕೆ ಐದು ರೊಟ್ಟಿ ಉಣ್ಣುವವರಲ್ಲಿ ಅದು 330 ಕಿಲೊಕ್ಯಾಲರಿಗೆ ಏರುತ್ತದೆ. ಸಿದ್ಧವಾದ ರೊಟ್ಟಿಯನ್ನು ತಕ್ಕಡಿಗೆ ಇಡುವುದರಿಂದಲೂ ಪ್ರಯೋಜನವಿಲ್ಲ. ಹಂಚಿನಿಂದ ಆಗಷ್ಟೇ ಇಳಿದ ಮೆತ್ತಗಿನ ರೊಟ್ಟಿಯಲ್ಲಿ ನೀರಿರುತ್ತದೆ. ಅದನ್ನೇ ಒಣಗಿಸಿ ಖಡಕ್ ರೊಟ್ಟಿ ಮಾಡಿ ಅಟ್ಟಿ ಇಟ್ಟರೆ ತೂಕ ಇಳಿಯುತ್ತದೆ, ಶಕ್ತಿ ಇಳಿಯುವುದಿಲ್ಲ. 100 ಗ್ರಾಂ ಮೆತ್ತನೆಯ ರೊಟ್ಟಿಯೂ 100 ಗ್ರಾಂ ಖಡಕ್ ರೊಟ್ಟಿಯೂ ಒಂದೇ ನಮೂದಿಗೆ ಸಲ್ಲುವುದಿಲ್ಲ. ಅಳೆಯಬೇಕಾದುದು ಹಿಟ್ಟನ್ನು. ಒಂದು ದಿನ ಹಿಟ್ಟನ್ನು ತೂಗಿ, ಆದ ರೊಟ್ಟಿಗಳ ಸಂಖ್ಯೆಯಿಂದ ಭಾಗಿಸಿದರೆ ಆ ಮನೆಯ ರೊಟ್ಟಿಯ ಅಳತೆ ದೊರೆಯುತ್ತದೆ. ಬಡಿಯುವ ಕೈ ಬದಲಾಗುವವರೆಗೆ ಅದೇ ಲೆಕ್ಕ ನಡೆಯುತ್ತದೆ.

ಬೇಳೆಯ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿ ತೊಗರಿಬೇಳೆಯು ಇಲ್ಲಿಯ ನಿತ್ಯದ ಆಹಾರ. ಒಣಬೇಳೆಯ 100 ಗ್ರಾಂನಲ್ಲಿ ಸುಮಾರು 330 ಕಿಲೊಕ್ಯಾಲರಿ ಹಾಗೂ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಬೆಂದಾಗ ಅದು ನೀರು ಹೀರಿ ಹಲವು ಪಟ್ಟು ತೂಗುತ್ತದೆ. ಒಂದು ಬಟ್ಟಲು ಬ್ಯಾಳಿಯನ್ನು ಒಣಬೇಳೆಯ ಹೆಸರಿನಲ್ಲಿ ದಾಖಲಿಸಿದವರಿಗೆ ಪ್ರೋಟೀನ್ ಧಾರಾಳವಾಗಿದೆಯೆಂಬ ಭ್ರಮೆ ಉಂಟಾಗುತ್ತದೆ.

ಇಡೀ ಕುಟುಂಬಕ್ಕೆ ಒಂದೇ ಪಾತ್ರೆಯಲ್ಲಿ ಅಡುಗೆಯಾಗುವಾಗ ಪಾತ್ರೆಯನ್ನೇ ಘಟಕವಾಗಿ ಪರಿಗಣಿಸುವುದು ಸೂಕ್ತ. 250 ಗ್ರಾಂ ಒಣಬೇಳೆಗೆ ಸುಮಾರು 828 ಮತ್ತು ಒಗ್ಗರಣೆಯ 30 ಗ್ರಾಂ ಎಣ್ಣೆಗೆ 270, ಒಟ್ಟು ಸುಮಾರು 1,100 ಕಿಲೊಕ್ಯಾಲರಿ. ಖಾಲಿ ಪಾತ್ರೆಯ ತೂಕ ಕಳೆದ ಮೇಲೆ ಬ್ಯಾಳಿ ಒಂದು ಕಿಲೊ ಇದ್ದರೆ, 200 ಗ್ರಾಂ ಬಡಿಸಿಕೊಂಡವರ ಪಾಲು 220 ಕಿಲೊಕ್ಯಾಲರಿ. ಹೆಚ್ಚಿನ ಆ್ಯಪ್‌ಗಳಲ್ಲಿ ಇಂತಹ ಮನೆ ಅಡುಗೆಯನ್ನು ಒಮ್ಮೆ ಉಳಿಸಿಟ್ಟು ಮತ್ತೆ ಮತ್ತೆ ಬಳಸಲು ಅವಕಾಶವಿದೆ.

ಕಾಣದ ಎಣ್ಣೆ

ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕಿಲೊಕ್ಯಾಲರಿ, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ರೊಟ್ಟಿಯಷ್ಟು ಶಕ್ತಿ ಇದೆ. ಬದನೆಕಾಯಿ ಎಣ್ಣೆಗಾಯಿಯನ್ನು ‘ಬದನೆಕಾಯಿ’ ಎಂದು ನಮೂದಿಸಿದರೆ ಒಳಗೆ ತುಂಬಿದ ಶೇಂಗಾ, ಎಳ್ಳುಗಳೂ ಮೇಲಿನ ಎಣ್ಣೆಯೂ ಲೆಕ್ಕದಿಂದ ಹೊರಗುಳಿಯುತ್ತವೆ. ತಟ್ಟೆಯ ಛಾಯಾಚಿತ್ರದಿಂದ ಆಹಾರವನ್ನು ಗುರುತಿಸುವ ಸೌಲಭ್ಯವೂ ಇಲ್ಲಿ ಹೆಚ್ಚು ನೆರವಾಗದು. ಕ್ಯಾಮೆರಾಕ್ಕೆ ಬದನೆಕಾಯಿ ಕಾಣುತ್ತದೆ, ಅದರ ಹೊಟ್ಟೆಯೊಳಗಿನದು ಕಾಣುವುದಿಲ್ಲ. ಹೋಟೆಲಿನ ಮಿರ್ಚಿ ಭಜಿಗೆ ಅಂದಾಜೇ ಗತಿ.

ದುಡಿಮೆಯ ಆಯ್ಕೆ

ತಿಂದುದರ ಲೆಕ್ಕ ಸರಿಯಿದ್ದರೂ ಬೇಕಾದುದರ ಲೆಕ್ಕ ತಪ್ಪಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನೀಡಿದ ಅಂದಾಜಿನಂತೆ 65 ಕಿಲೊ ತೂಕದ ಪುರುಷನಿಗೆ ಕುಳಿತು ಮಾಡುವ ಕೆಲಸದಲ್ಲಿ ದಿನಕ್ಕೆ 2,110, ಮಧ್ಯಮ ಶ್ರಮಕ್ಕೆ 2,710, ಕಠಿಣ ಶ್ರಮಕ್ಕೆ 3,470 ಕಿಲೊಕ್ಯಾಲರಿ ಅಗತ್ಯ. 55 ಕಿಲೊ ತೂಕದ ಮಹಿಳೆಗೆ ಕ್ರಮವಾಗಿ 1,660, 2,130 ಮತ್ತು 2,720. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿಯುವವರು ಅಥವಾ ತೊಗರಿ ರಾಶಿಯ ಕಾಲದ ಕೃಷಿ ಕಾರ್ಮಿಕರು ಆ್ಯಪ್‌ನಲ್ಲಿ ಮೊದಲ ಆಯ್ಕೆಯನ್ನು ಹಾಗೆಯೇ ಬಿಟ್ಟರೆ ಸಾವಿರ ಕಿಲೊಕ್ಯಾಲರಿಗೂ ಮೀರಿದ ತಪ್ಪಾಗುತ್ತದೆ, ಹಾಗೂ ಸಾಕಷ್ಟು ಉಣ್ಣದವರಿಗೆ ಹೆಚ್ಚು ಉಂಡಿರೆಂಬ ಸೂಚನೆ ಬರುತ್ತದೆ. ರೊಟ್ಟಿಯ ತೂಕದಲ್ಲಿ ಆಗುವ ಯಾವ ತಪ್ಪೂ ಇಷ್ಟು ದೊಡ್ಡದಲ್ಲ.

ಮಧುಮೇಹಿಗಳಲ್ಲಿ, ಅದರಲ್ಲೂ ಊಟದ ಕಾರ್ಬೋಹೈಡ್ರೇಟ್ ನೋಡಿ ಇನ್ಸುಲಿನ್ ಪ್ರಮಾಣ ನಿರ್ಧರಿಸುವವರಲ್ಲಿ, ತಪ್ಪು ನಮೂದು ನೇರವಾಗಿ ಅಪಾಯ ತರಬಲ್ಲದು. ಅಂಥವರು ಆ್ಯಪ್‌ನ ಅಂಕಿಯನ್ನು ಗ್ಲುಕೋಮೀಟರಿನ ಅಳತೆಯೊಂದಿಗೆ ಹೋಲಿಸಿ, ವೈದ್ಯರ ಸಲಹೆಯಂತೆ ಮಾತ್ರ ಬಳಸಬೇಕಾಗುತ್ತದೆ.

ಪೋಷಣ್ ಟ್ರ್ಯಾಕರ್

ಅಂಗನವಾಡಿ ಕಾರ್ಯಕರ್ತೆಯರು ಬಳಸುವ, ಕೇಂದ್ರ ಸರ್ಕಾರವು 2021ರಲ್ಲಿ ಜಾರಿಗೆ ತಂದ ಪೋಷಣ್ ಟ್ರ್ಯಾಕರ್ ಇದರಿಂದ ಭಿನ್ನವಾಗಿದೆ. ಅದರಲ್ಲಿ ದಾಖಲಾಗುವುದು ಮುಖ್ಯವಾಗಿ ಫಲಾನುಭವಿಗಳ ವಿವರ, ಆಹಾರ ವಿತರಣೆ ಮತ್ತು ಮಗುವಿನ ತೂಕ, ಎತ್ತರ. ಅಲ್ಲಿಯೂ ಅಳತೆಯ ಹಂತವೇ ನಿರ್ಣಾಯಕ: ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ನಂತರದವರನ್ನು ನಿಲ್ಲಿಸಿ ಅಳೆಯಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಇವೆರಡರ ನಡುವೆ 0.7 ಸೆಂಟಿಮೀಟರ್ ವ್ಯತ್ಯಾಸವಿದೆ.