ಮತದಾರರ ಪಟ್ಟಿ: ಮನೆಯವರು ನೋಡಬೇಕಾದ ಲೆಕ್ಕ

ಮತದಾನದ ದಿನ ಗುರುತಿನ ಚೀಟಿ ಹಿಡಿದು ಮತಗಟ್ಟೆಗೆ ಹೋಗಿ, ‘ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ’ ಎಂಬ ಮಾತು ಕೇಳಿ ಹಿಂದಿರುಗುವವರು ಪ್ರತಿಯೊಂದು ಚುನಾವಣೆಯಲ್ಲಿಯೂ ಇರುತ್ತಾರೆ. ಚೀಟಿ ಇದ್ದ ಮೇಲೆ ಮತವೂ ಇದ್ದೇ ಇದೆ ಎಂಬುದು ಅವರ ನಂಬಿಕೆ. ಆದರೆ ಚೀಟಿ ನೀವು ಯಾರೆಂಬುದನ್ನಷ್ಟೇ ತೋರಿಸುತ್ತದೆ. ಮತ ಕೊಡಲು ಪಟ್ಟಿಯಲ್ಲಿ ಹೆಸರಿರಬೇಕು.

ಈ ಕಟ್ಟುನಿಟ್ಟು ಮೊದಲ ಮಹಾಚುನಾವಣೆಯಷ್ಟೇ ಹಳೆಯದು. 1951–52ರ ಆ ಚುನಾವಣೆಗೆ ಪಟ್ಟಿ ಮಾಡಿದಾಗ, ಉತ್ತರದ ಕೆಲವು ಪ್ರಾಂತಗಳಲ್ಲಿ ಅನೇಕ ಹೆಂಗಸರು ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಅದಕ್ಕೆ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋದವು.

ಇಂದು ನಮ್ಮ ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ತೊಡಕು ಬೇರೆ. ಬಾಡಿಗೆ ಮನೆ ಬದಲಾಯಿಸಿದವರು ಹಾಲು, ಗ್ಯಾಸ್, ಬ್ಯಾಂಕುಗಳಿಗೆ ಹೊಸ ವಿಳಾಸ ತಿಳಿಸುತ್ತಾರೆ; ಮತದಾರರ ಪಟ್ಟಿಯನ್ನು ಮಾತ್ರ ಮರೆಯುತ್ತಾರೆ. ಹೆಸರು ಹಳೆಯ ಬೀದಿಯಲ್ಲಿ, ಮನುಷ್ಯ ಹೊಸ ಬೀದಿಯಲ್ಲಿ! ತೀರಿಕೊಂಡವರ ಹೆಸರೂ ಹೀಗೆಯೇ ವರ್ಷಗಟ್ಟಲೆ ಉಳಿದುಬಿಡುತ್ತದೆ. 1950ರ ಪ್ರಜಾ ಪ್ರಾತಿನಿಧ್ಯ ಅಧಿನಿಯಮದ ಪ್ರಕಾರ ವಾಡಿಕೆಯಾಗಿ ವಾಸಿಸುವ ಕಡೆಯಲ್ಲಿ ಹೆಸರಿರಬೇಕು. ಊರಿನಲ್ಲಿ ಸ್ವಂತ ಮನೆಯಿದೆ ಎಂಬುದಷ್ಟೇ ಸಾಲದು. ಎರಡು ಕಡೆ ಹೆಸರಿಟ್ಟುಕೊಳ್ಳುವಂತೆಯೂ ಇಲ್ಲ.

ಕ್ಷೇತ್ರದ ಹೆಸರನ್ನು ನಂಬಿ ಮೋಸಹೋಗುವುದೂ ಉಂಟು. ಯಶವಂತಪುರ ಬಡಾವಣೆಯ ನಿವಾಸಿಗಳು ಯಶವಂತಪುರ ವಿಧಾನಸಭಾ ಕ್ಷೇತ್ರದ ಮತದಾರರಲ್ಲ. 2008ರಿಂದ ಜಾರಿಗೆ ಬಂದ ವಿಂಗಡಣೆಯಲ್ಲಿ ಆ ಬಡಾವಣೆಯ ಬಹುಭಾಗ ರಾಜರಾಜೇಶ್ವರಿನಗರ ಕ್ಷೇತ್ರಕ್ಕೆ ಸೇರಿದೆ. ಆದ್ದರಿಂದ ಕ್ಷೇತ್ರದ ಜೊತೆಗೆ ನಿಮ್ಮ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಅದೇ ಕ್ಷೇತ್ರದ ಜಾಲಹಳ್ಳಿಯಲ್ಲಿ 2018ರಲ್ಲಿ ನಡೆದುದು ನಿಮಗೆ ನೆನಪಿರಬಹುದು. ಮತದಾನಕ್ಕೆ ಕೆಲವೇ ದಿನ ಮುಂಚೆ ಒಂದು ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಗುರುತಿನ ಚೀಟಿಗಳು ಸಿಕ್ಕವು. ಆಯೋಗವು ಆ ಕ್ಷೇತ್ರದ ಮತದಾನವನ್ನು ಮೇ 12ರಿಂದ 28ಕ್ಕೆ ಮುಂದೂಡಬೇಕಾಯಿತು. ನಿಮ್ಮ ಚೀಟಿ ನಿಮ್ಮ ಮನೆಯಲ್ಲಿಯೇ ಇರಲಿ. ಯಾರು ಕೇಳಿದರೂ ಕೈಬಿಡಬೇಡಿ.

ಇದ್ದ ಹೆಸರನ್ನು ತೆಗೆಸಲು ನಡೆದ ಯತ್ನಕ್ಕೆ ಕಲಬುರಗಿ ಜಿಲ್ಲೆಯ ಆಳಂದ ನಿದರ್ಶನ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಯಿರೆಂದು ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದವು. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಸರಿಯಾದವು ಕೇವಲ 24! ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಪೊಲೀಸರಿಗೆ ದೂರು ಹೋಯಿತು. ಅಷ್ಟು ಹೆಸರುಗಳು ಉಳಿದದ್ದು ಮನೆ ಮನೆಗೆ ಹೋಗಿ ಕೇಳಿದ್ದರಿಂದ. ಹಾಗೆ ಕೇಳಲು ಬಂದಾಗ ಬಾಗಿಲು ತೆರೆದು ಉತ್ತರ ಹೇಳುವವರು ಬೇಕು. ಎತ್ತರದ ಕಟ್ಟಡಗಳ ಕಾವಲುಗಾರರು ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಗೇಟಿನಿಂದಲೇ ಹಿಂದೆ ಕಳುಹಿಸಿದರೆ, ಒಳಗಿರುವವರು ಇದ್ದಾರೆಯೋ ಇಲ್ಲವೋ ಎಂಬುದು ಯಾರಿಗೆ ತಿಳಿಯಬೇಕು? ಬಂದವರ ಗುರುತಿನ ಪತ್ರವನ್ನು ನೋಡಿ, ಅನಂತರ ವಿವರ ಕೊಡಿ.

ಇನ್ನು ಮಾಡಬೇಕಾದ ಕೆಲಸ. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7. ಮನೆ ಬದಲಾದರೆ ಅಥವಾ ಹೆಸರು, ವಯಸ್ಸು ತಪ್ಪಾಗಿದ್ದರೆ ನಮೂನೆ 8. ಅರ್ಜಿಗಳನ್ನು ಆ ಅಧಿಕಾರಿಗೆ ಕೊಡಬಹುದು, ಅಂತರ್ಜಾಲದಲ್ಲಿಯೂ ಸಲ್ಲಿಸಬಹುದು. ವಿಚಾರಿಸಲು ದೂರವಾಣಿ ಸಂಖ್ಯೆ 1950. ಮತದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಮೊದಲು ಜನವರಿ 1ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೆಯ ತಾರೀಖೂ ಸೇರಿವೆ. ಹದಿನೇಳು ತುಂಬಿದ ಮಕ್ಕಳು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ಚುನಾವಣೆ ಬರಲಿ, ನೋಡೋಣ ಎನ್ನಬೇಡಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದರೆ ಆ ಚುನಾವಣೆ ಮುಗಿಯುವವರೆಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಮುಂದಿನ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯವರೆಲ್ಲರ ಹೆಸರನ್ನೂ ಪಟ್ಟಿಯಲ್ಲಿ ಹುಡುಕಿ ನೋಡಿ. ಹೊಸದಾಗಿ ಬಂದ ಸೊಸೆ, ಹದಿನೆಂಟು ತುಂಬಿದ ಮಗ, ಕಳೆದ ವರ್ಷ ತೀರಿಕೊಂಡ ಅಜ್ಜಿ — ಈ ಮೂವರ ವಿಷಯ ನಿಮಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.