ಚಳಿನಾಡಿನ ಮನೆಗೆ ಬಂದ ಬೇಸಿಗೆ

ಕೆನಡಾದಲ್ಲಿ ಮನೆ ಕಟ್ಟುವವರ ಚಿಂತೆ ಬಹುಕಾಲದಿಂದ ಒಂದೇ: ಒಳಗಿನ ಬಿಸಿ ಹೊರಹೋಗಬಾರದು. 2021ರ ಜೂನ್ ಕೊನೆಯಲ್ಲಿ ಆ ಜಾಣ್ಮೆಯೇ ಮುಳುವಾಯಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಲಿಟ್ಟನ್ ಎಂಬ ಊರಿನಲ್ಲಿ ಉಷ್ಣತೆ 49.6 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಪ್ರಾಂತವೊಂದರಲ್ಲೇ ಸೆಕೆಯ ತಾಪಕ್ಕೆ 619 ಮಂದಿ ಅಸುನೀಗಿದರು. ಅವರಲ್ಲಿ ಶೇಕಡಾ 98 ಮಂದಿ ತಾಪಕ್ಕೆ ತುತ್ತಾದುದು ಕಟ್ಟಡದೊಳಗೇ; ಮೂವರಲ್ಲಿ ಇಬ್ಬರು 70 ವರ್ಷ ತುಂಬಿದವರು, ಅರ್ಧಕ್ಕಿಂತ ಹೆಚ್ಚಿನವರು ಒಂಟಿಯಾಗಿ ಬಾಳುತ್ತಿದ್ದವರು.

2024ರಲ್ಲಿ ಪ್ರಾಂತದ ಕಟ್ಟಡ ನಿಯಮ ಬದಲಾಯಿತು: ಹೊಸ ಮನೆಯಲ್ಲಿ ಒಂದು ಕೋಣೆಯಾದರೂ 26 ಡಿಗ್ರಿ ಮೀರದಂತೆ ರೂಪಿಸತಕ್ಕದ್ದು. ಹಳೆಯ ಮನೆಗಳಿಗೆ ಕಿಟಕಿಯ ಹೊರಗೆ ನೆರಳು, ರಾತ್ರಿ ಗಾಳಿಯಾಟ, ಚಳಿಯಲ್ಲಿ ಬಿಸಿಯನ್ನೂ ಸೆಕೆಯಲ್ಲಿ ತಂಪನ್ನೂ ನೀಡುವ ಹೀಟ್ ಪಂಪ್ ಮುಂತಾದ ಉಪಾಯಗಳಿವೆ. ಇವುಗಳೊಡನೆ, ಒಂಟಿ ವೃದ್ಧರ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವ ನೆರೆಯವರೂ ಬೇಕು.