ಮೇಲೊಂದು ಕೆಳಗೊಂದು ನಳಿಗೆ: ಓವರ್-ಅಂಡರ್ ಕೋವಿ ಕೊಳ್ಳೋ ಮೊದಲು ಇಷ್ಟು ತಿಳ್ಕೊಳ್ಳಿ

ಮಡಿಕೇರಿ: ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತೆ. ಎಣ್ಣೆ ಹಾಕಿ ಒರೆಸಿ, ತೋಕ್ ಪೂ ಇಟ್ಟು ಪೂಜೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅದೇ ಹೊತ್ತಿಗೆ ಮನೆಯ ಹುಡುಗರ ಬಾಯಲ್ಲಿ ಇನ್ನೊಂದು ಮಾತು ಶುರುವಾಗುತ್ತೆ. ಅಜ್ಜನ ಕಾಲದ ಕೋವಿ ಸಾಕು, ಒಲಿಂಪಿಕ್ಸ್‌ನಲ್ಲಿ ಹಿಡಿತಾರಲ್ಲ, ಅಂಥ ಓವರ್-ಅಂಡರ್ ಒಂದು ತಗೊಳ್ಳೋಣ ಅಂತ. ಕ್ಲೇ ಶೂಟಿಂಗ್‌ಗೂ ಆಗುತ್ತೆ, ಬೇಟೆಗೂ ಆಗುತ್ತೆ ಅನ್ನೋದು ಲೆಕ್ಕ.

ಈ ಲೆಕ್ಕದ ಎರಡನೇ ಅರ್ಧ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಈಗ ಬೇಟೆ ನಿಷಿದ್ಧ. ಕೋವಿ ಹಕ್ಕು ಬೇರೆ, ಬೇಟೆ ಹಕ್ಕು ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳೋಕೆ ಸಿಕ್ಕ ವಿನಾಯಿತಿ, ಕಾಡಿಗೆ ಹೋಗಿ ಹೊಡೆಯೋಕೆ ಅಲ್ಲ. ಗದ್ದೆಗೆ ನುಗ್ಗುವ ಹಂದಿ ವಿಷಯದಲ್ಲೂ ಅಷ್ಟೇ. ಬೆಳೆ ಹಾನಿ ಅಂತ ನಾವೇ ತೀರ್ಮಾನ ಮಾಡಿ ಗುಂಡು ಹಾರಿಸುವಂತಿಲ್ಲ, ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಹಂದಿ ಅಂತ ತಿಳಿದು ಮನುಷ್ಯನಿಗೇ ಗುಂಡು ಬಿದ್ದ ಸುದ್ದಿ ಈ ಜಿಲ್ಲೆಗೆ ಹೊಸದೂ ಅಲ್ಲ.

ಹಾಗಾದರೆ ಬೇಟೆ ಕೋವಿ, ಕ್ಲೇ ಕೋವಿ ಅನ್ನೋ ವ್ಯತ್ಯಾಸ ನಮಗೆ ಯಾಕೆ ಬೇಕು? ಯಾಕಂದ್ರೆ ಓವರ್-ಅಂಡರ್ ತಯಾರಾಗೋದೇ ಈ ಎರಡು ಅಚ್ಚಿನಲ್ಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆ ಸಿಗುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ದುಡ್ಡು ಹೋಗುತ್ತೆ, ಹೆಗಲೂ ಹೋಗುತ್ತೆ.

ಮೊದಲು ಓವರ್-ಅಂಡರ್ ಅಂದ್ರೇನು ನೋಡೋಣ. ನಮ್ಮ ಮನೆಗಳಲ್ಲಿರುವ ಜೋಡಿ ನಳಿಗೆ ಕೋವಿಗಳಲ್ಲಿ ನಳಿಗೆ ಹೆಚ್ಚಾಗಿ ಅಕ್ಕಪಕ್ಕ ಇರುತ್ತೆ. ಓವರ್-ಅಂಡರ್‌ನಲ್ಲಿ ಒಂದರ ಮೇಲೆ ಒಂದು. ಕಾಗದದಲ್ಲಿ ಎರಡೂ ಡಿಬಿಬಿಎಲ್ಲೇ. ಜಾನ್ ಬ್ರೌನಿಂಗ್ ರೂಪಿಸಿದ ಸೂಪರ್‌ಪೋಸ್ಡ್ ಕೋವಿ, ಅವರು 1926ರಲ್ಲಿ ತೀರಿಕೊಂಡ ಮೇಲೆ, 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಈ ಮಾದರಿ ಜನಸಾಮಾನ್ಯರಿಗೆ ತಲುಪಿದ್ದು ಅಲ್ಲಿಂದ. ಇವತ್ತು ಟ್ರ್ಯಾಪ್, ಸ್ಕೀಟ್ ಸ್ಪರ್ಧೆಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಕೈಯಲ್ಲೂ ಇದೇ.

ಕಾರಣ ಸರಳ. ಗುರಿ ನೋಡುವಾಗ ಕಣ್ಣಿನ ಮುಂದೆ ಒಂದೇ ಸಪೂರ ಗೆರೆ ಇರುತ್ತೆ, ಅಗಲವಾದ ಎರಡು ನಳಿಗೆ ಅಡ್ಡ ಬರಲ್ಲ. ಮತ್ತೆ, ಕೆಳಗಿನ ನಳಿಗೆ ಹೆಗಲಿನ ನೇರಕ್ಕೆ ಹತ್ತಿರ. ಮೊದಲು ಅದನ್ನು ಹೊಡೆದರೆ ಒದೆತ ನೇರ ಹಿಂದಕ್ಕೆ ಬರುತ್ತೆ, ಮೂತಿ ಮೇಲಕ್ಕೆ ಹಾರೋದು ಕಡಿಮೆ, ಎರಡನೇ ಗುಂಡು ಬೇಗ ಕೂರುತ್ತೆ. ಅಕ್ಕಪಕ್ಕದ ಕೋವಿಗೂ ಅದರದೇ ಗುಣ ಇದೆ. ಹಗುರ, ಕಡಿಮೆ ಬಗ್ಗಿಸಿದರೂ ಕಾಟ್ರಿಜ್ ತುಂಬಬಹುದು. ಪೂಜೆಗೆ, ಪುತ್ತರಿಯ ಗುಂಡಿಗೆ, ತೆಂಗಿನಕಾಯಿಗೆ ಅಂತ ಮಾತ್ರ ಇದ್ದರೆ ಅಜ್ಜನ ಕೋವಿ ಮಾರಿ ಓವರ್-ಅಂಡರ್ ತರೋದರಲ್ಲಿ ಅರ್ಥವಿಲ್ಲ. ತೆಂಗಿನಕಾಯಿ ಕೂತಲ್ಲೇ ಕೂತಿರುತ್ತೆ.

ಕ್ಲೇ ಹಾಗಲ್ಲ. 110 ಮಿ.ಮೀ. ಅಗಲ, ಸುಮಾರು 105 ಗ್ರಾಂ ತೂಕದ ತಟ್ಟೆ ಅದು. ಟ್ರ್ಯಾಪ್‌ನಲ್ಲಿ ಶೂಟರ್‌ನ 15 ಮೀಟರ್ ಮುಂದಿನಿಂದ ಎದ್ದು ದೂರಕ್ಕೆ ಓಡುತ್ತೆ. ಒಂದು ಸುತ್ತಿಗೆ 25 ತಟ್ಟೆ, ದೊಡ್ಡ ಸ್ಪರ್ಧೆಯ ಅರ್ಹತಾ ಹಂತಕ್ಕೆ 125. ಒಂದೊಂದು ತಟ್ಟೆಗೆ ಎರಡು ಗುಂಡಿನವರೆಗೆ ಅವಕಾಶ. ಅಷ್ಟು ಗುಂಡಿನ ಒದೆತ ಹೆಗಲು ತಡೀಬೇಕಂದ್ರೆ ಕೋವಿ ಭಾರ ಇರಲೇಬೇಕು. ಅದಕ್ಕೇ ಕ್ಲೇ ಕೋವಿ ಮೂರೂವರೆ ಕಿಲೋ ದಾಟುತ್ತೆ, ನಳಿಗೆ 30 ಇಲ್ಲ 32 ಇಂಚು. ಕಾಟ್ರಿಜ್ ಮಾತ್ರ ಹಗುರ, ಅಂತಾರಾಷ್ಟ್ರೀಯ ನಿಯಮದಲ್ಲಿ ಚರೆ ತೂಕ 24 ಗ್ರಾಂ ಮೀರುವಂತಿಲ್ಲ.

ಬೇಟೆ ಮಾದರಿ ಇದಕ್ಕೆ ಉಲ್ಟಾ. ಬ್ರಿಟನ್‌ನಲ್ಲಿ ಫೆಸೆಂಟ್ ಹಕ್ಕಿ ಹೊಡೆಯೋದು ಕಾನೂನುಬದ್ಧ. ಇಂಗ್ಲೆಂಡ್‌ನಲ್ಲಿ ಅದರ ಸೀಸನ್ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಅಂಥವರು ದಿನವಿಡೀ ಕೋವಿ ಹೊತ್ತು ನಡೀತಾರೆ, ಹೊಡೆಯೋದು ಕೆಲವೇ ಸಲ. ಅವರಿಗೆ ಬೇಕಾಗಿದ್ದು ಮೂರು ಕಿಲೋ ಆಸುಪಾಸಿನ, 28 ಇಂಚಿನ ಕೋವಿ. ಅದನ್ನು ತಂದು ದಿನಕ್ಕೆ 100 ತಟ್ಟೆ ಹೊಡೆದರೆ ಸಂಜೆಗೆ ಭುಜ ನೀಲಿ. ಭಾರದ ಟ್ರ್ಯಾಪ್ ಕೋವಿ ಹಿಡಿದು ದಿನವಿಡೀ ನಡೆಯೋದೂ ಅಷ್ಟೇ ಕಷ್ಟ. ಎರಡರ ನಡುವೆ 'ಸ್ಪೋರ್ಟಿಂಗ್' ಅನ್ನೋ ಮಾದರಿ ಇದೆ, 30 ಇಂಚಿನದು. ಕಾನೂನು ಪ್ರಕಾರ ಕ್ಲೇ ಮಾತ್ರ ಹೊಡೆಯಲು ಸಾಧ್ಯವಿರುವ ನಮ್ಮವರಿಗೆ ಇದೇ ಸರಿ. ಹಗುರ ಬೇಟೆ ಮಾದರಿಗೆ ಹೆಚ್ಚಿನ ದುಡ್ಡು ಕೊಡೋದು ದಂಡ.

ಇನ್ನು ಅಳತೆ. ಕಂಪನಿ ಹೆಸರು, ಬೆಳ್ಳಿ ಕೆತ್ತನೆ ಎಲ್ಲ ಆಮೇಲೆ. ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನೋಡಲ್ವಾ, ಕೋವಿನೂ ಹಾಗೇ. ಎರಡೂ ನಳಿಗೆ ತೆರೆದು ಖಾಲಿ ಅಂತ ಖಚಿತ ಮಾಡ್ಕೊಳ್ಳಿ. ಯಾರೂ ಇಲ್ಲದ ದಿಕ್ಕಿಗೆ ಮೂತಿ ತಿರುಗಿಸಿ, ಕಣ್ಣು ಮುಚ್ಚಿ ಹೆಗಲಿಗೆ ತನ್ನಿ. ಆಮೇಲೆ ಕಣ್ಣು ಬಿಡಿ. ನಳಿಗೆ ಮೇಲಿನ ಪಟ್ಟಿ ನೇರವಾಗಿ, ತುಸುವೇ ಕಾಣಬೇಕು. ಪಟ್ಟಿ ಕಾಣದೆ ಕೋವಿಯ ಹಿಂಭಾಗದ ಕಬ್ಬಿಣವೇ ಅಡ್ಡ ಬಂದರೆ ಕೆನ್ನೆ ಒರಗಿಸುವ ಮರ ತಗ್ಗಾಯ್ತು. ಪಟ್ಟಿ ರಸ್ತೆ ಥರ ಉದ್ದಕ್ಕೆ ಕಂಡರೆ ಎತ್ತರ ಆಯ್ತು. ಟ್ರ್ಯಾಪ್ ಕೋವಿಯಲ್ಲಿ ಮರ ಬೇಕಂತಲೇ ಎತ್ತರ ಇಟ್ಟಿರ್ತಾರೆ, ತಟ್ಟೆ ಮೇಲೇಳುತ್ತಾ ಹೋಗೋದರಿಂದ. ಬಲಗೈಯವರಾದರೂ ಎಡಗಣ್ಣು ಜೋರಿರುವವರು ಇರ್ತಾರೆ, ಅದನ್ನೂ ಪರೀಕ್ಷಿಸಿಕೊಳ್ಳಬೇಕು.

ನಳಿಗೆ ತುದಿಯ ಬಿಗಿತಕ್ಕೆ ಚೋಕ್ ಅಂತಾರೆ. ಬಿಗಿ ಚೋಕ್ ಆದರೆ ಚರೆ ದೂರದವರೆಗೂ ಒತ್ತಾಗಿ ಹೋಗುತ್ತೆ, ಟ್ರ್ಯಾಪ್‌ಗೆ ಅದು ಬೇಕು. ಹತ್ತಿರದಲ್ಲೇ ಹಾದು ಹೋಗುವ ಸ್ಕೀಟ್ ತಟ್ಟೆಗೆ ಸಡಿಲ ಚೋಕ್. ತಿರುಗಿಸಿ ಬದಲಿಸುವ ಚೋಕ್ ಇರುವ ಕೋವಿ ಸಿಕ್ಕರೆ ಒಂದರಲ್ಲೇ ಎರಡೂ ಕೆಲಸ ಆಗುತ್ತೆ. ಚೋಕ್ ಕಳಚಿಟ್ಟು ಮಾತ್ರ ಹೊಡೀಬಾರದು, ಮರೆ ಹಾಳಾಗುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೋಣೆಯ ಉದ್ದ. ಹಳೇ ಇಂಗ್ಲಿಷ್ ಕೋವಿಗಳಲ್ಲಿ ಕಾಟ್ರಿಜ್ ಕೂರುವ ಜಾಗ ಎಷ್ಟೋ ಸಲ ಎರಡೂವರೆ ಇಂಚು, ಅಂದ್ರೆ 65 ಮಿ.ಮೀ. ಈಗಿನ ಕಾಟ್ರಿಜ್ ಸಾಮಾನ್ಯವಾಗಿ 70 ಮಿ.ಮೀ.ದು. ಮೋಸ ಏನಂದ್ರೆ, ಮಡಿಚಿದ ಬಾಯಿ ಬಿಚ್ಚಿಕೊಳ್ಳೋ ಮೊದಲು ಅದು ಗಿಡ್ಡ ಇರುತ್ತೆ, ಹಳೇ ಕೋವಿಯಲ್ಲೂ ಸಲೀಸಾಗಿ ಕೂರುತ್ತೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತೆ, ನಳಿಗೆ ಸಿಡಿಯಬಹುದು. ಉದ್ದ ಎಷ್ಟು ಅಂತ ಸಾಮಾನ್ಯವಾಗಿ ನಳಿಗೆಯ ಅಡಿಭಾಗದಲ್ಲಿ ಒತ್ತಿರ್ತಾರೆ, ಕೋವಿ ಬಿಚ್ಚಿದರೆ ಕಾಣುತ್ತೆ. ಹೊಸದು ಕೊಳ್ಳದಿದ್ದರೂ ಪರವಾಗಿಲ್ಲ, ಮನೆಯಲ್ಲಿರೋದನ್ನ ಬಂದೂಕು ರಿಪೇರಿಯವರ ಹತ್ತಿರ ಒಮ್ಮೆ ಅಳತೆ ಮಾಡಿಸಿ. ಹಾಗೇ 20 ಬೋರ್‌ನ ಕಾಟ್ರಿಜ್ 12 ಬೋರ್‌ನವುಗಳ ಜೊತೆ ಬೆರೆಯಬಾರದು. ಅದು ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತೆ, ಕಣ್ಣಿಗೆ ಕಾಣಲ್ಲ. ಹಿಂದೆ 12 ಬೋರ್‌ನದು ಹಾಕಿ ಹೊಡೆದರೆ ಕೈ ಉಳಿಯಲ್ಲ.

ಸಿಗೋದು ಎಲ್ಲಿ? ಬೆರೆಟ್ಟಾ, ಬ್ರೌನಿಂಗ್, ಪೆರಾಜಿ ಅಂತ ಯೂಟ್ಯೂಬ್‌ನಲ್ಲಿ ನೋಡಿದ್ದನ್ನು ಸಾಮಾನ್ಯರು ನೇರ ತರಿಸಿಕೊಳ್ಳಲು ಆಗಲ್ಲ. ಆಮದಿಗೆ ಅವಕಾಶ ಇರೋದು ಮುಖ್ಯವಾಗಿ ಮಾನ್ಯತೆ ಪಡೆದ ಶೂಟರ್‌ಗಳಿಗೆ. ಉಳಿದವರಿಗೆ ದೇಶದಲ್ಲೇ ತಯಾರಾದದ್ದು, ಇಲ್ಲವೇ ಕೈಬದಲಾದ ಹಳೇ ವಿದೇಶಿ ಕೋವಿ. ಅದಕ್ಕೇ ಇವುಗಳ ಬೆಲೆ ಗುಣಕ್ಕಿಂತ ಹೆಚ್ಚಾಗಿ ಹೆಸರಿನ ಮೇಲೆ ನಿಂತಿರುತ್ತೆ.

ಖಾಸಗಿಯವರಿಂದ ಕೊಳ್ಳುವುದಾದರೆ ಆತುರ ಬೇಡ. ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಳೆದ ಮೇಲೆಯೇ ಕೋವಿ ಕೈ ಬದಲಿಸಬೇಕು. ಮುಂಗಡ ಕೊಡುವ ಮೊದಲು ಕೋವಿಯ ನಂಬರು, ಮಾರುವವರ ಕಾಗದದಲ್ಲಿರುವ ನಂಬರು ಒಂದೇನಾ ಅಂತ ತಾಳೆ ನೋಡಿ. ವಿನಾಯಿತಿ ಪತ್ರ ಇದ್ದವರೂ ಹೊಸ ಕೋವಿಯ ವಿವರ ಅದರಲ್ಲಿ ಬರೆಸಿಕೊಳ್ಳುವುದು, ಸ್ಪರ್ಧೆಗೆ ಅಂತ ಜಿಲ್ಲೆಯಿಂದ ಹೊರಗೆ ಒಯ್ಯುವುದು ಇವೆರಡರ ಬಗ್ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಚೆಕ್‌ಪೋಸ್ಟ್‌ನಲ್ಲಿ ನಿಲ್ಲುವುದು ತಪ್ಪುತ್ತೆ.